ಪೂಜೆಯ ಎರಡು ಡ್ರಮ್ಮುಗಳು

“ಸ್ಟೋರಿನ ಮುದುಕ ಎರಡು ಡ್ರಮ್ಮು ಕದ್ದು ಮಾರಿಕೊಂಡ. ಕಾದ ಕಬ್ಬಿಣ ಮಣ್ಣುಪಾಲಾಯಿತು, ಗಿರಾಕಿ ಕೈಬಿಟ್ಟ, ಫೌಂಡ್ರಿ ಮುಚ್ಚಿತು.”

ಶಿವಮೊಗ್ಗದಿಂದ ಭದ್ರಾವತಿಯವರೆಗಿನ ಎರಕದ ಕಾರ್ಖಾನೆಗಳಲ್ಲಿ ದುಡಿದ ಯಾರನ್ನೇ ಕೇಳಿದರೂ ನಮ್ಮ ಫೌಂಡ್ರಿಯ ಕತೆಯನ್ನು ಇಷ್ಟರಲ್ಲೇ ಮುಗಿಸುತ್ತಾರೆ. ಇದರಲ್ಲಿ ಕೊನೆಯ ಮಾತು ಸುಳ್ಳೆಂದು ತೋರಿಸುವುದು ಸುಲಭ. ಆ ಘಟನೆಯಾದ ಮೇಲೆ ಫೌಂಡ್ರಿ ಹಲವು ವರ್ಷ ನಡೆಯಿತು. ಅದು ಮುಚ್ಚಿದ ಕಾರಣಗಳು ಬೇರೆ. ಮೊದಲ ಮಾತು ಹೇಗೆ ಸುಳ್ಳೆಂದು ತಿಳಿಯಲು ಮಾತ್ರ ನನಗೆ ಹದಿನೆಂಟು ವರ್ಷ ಹಿಡಿಯಿತು. ತಿಳಿದ ದಿನ, ಅದನ್ನು ತಿಳಿಯದೆ ಇದ್ದದ್ದೇ ವಾಸಿಯಿತ್ತೆಂದು ಒಂದು ಕ್ಷಣ ಅನ್ನಿಸಿದ್ದನ್ನೂ ಇಲ್ಲಿ ಮುಚ್ಚಿಡುವುದಿಲ್ಲ.

ನಾನು ಎಸ್ಸೆಸ್ಸೆಲ್ಸಿಯಿಂದಾಚೆ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಕಲಿತದ್ದೆಲ್ಲ ಹಳೆ ಪುಸ್ತಕದಂಗಡಿಯಿಂದ, ಸಾರ್ವಜನಿಕ ಗ್ರಂಥಾಲಯದಿಂದ, ಮತ್ತು ಕೆಲಸ ಬಲ್ಲವರ ಬೆನ್ನುಬಿದ್ದು ಕೇಳಿದ ಪ್ರಶ್ನೆಗಳಿಂದ. ಹೀಗೆ ಕಲಿತವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಎಲ್ಲರೂ ಒಪ್ಪಿದ ಮಾತನ್ನು ಕೇಳಿದೊಡನೆ ಅವನಿಗೆ ಅದರ ಬುಡ ಅಲ್ಲಾಡಿಸಿ ನೋಡಬೇಕೆನ್ನಿಸುತ್ತದೆ. ಯಾವ ಸೇತುವೆಯನ್ನು ಯಾರು ಕಟ್ಟಿಸಿದರು, ಯಾವ ಬೀದಿಗೆ ಆ ಹೆಸರು ಹೇಗೆ ಬಂತು ಎಂದು ಊರ ಪತ್ರಿಕೆಗೆ ತಿದ್ದುಪಡಿಯ ಪತ್ರಗಳನ್ನು ಬರೆದು ಬರೆದು, ಶಿವಮೊಗ್ಗದ ಹೊಸಮನೆ ಬಡಾವಣೆಯ ನಮ್ಮ ಬೀದಿಯಲ್ಲಿ ನನಗೆ ತಕರಾರಿನವರು ಎಂಬ ಹೆಸರೇ ನಿಂತಿದೆ.

ಫೌಂಡ್ರಿಯಲ್ಲಿ ನನ್ನದು ಪ್ಲಾನಿಂಗ್ ವಿಭಾಗ. ನಾಳೆ ಯಾವ ಅಚ್ಚಿಗೆ ಎಷ್ಟು ಕಬ್ಬಿಣ ಹೊಯ್ಯಬೇಕು, ಅದಕ್ಕೆ ಬೇಕಾದ ಸಾಮಗ್ರಿ ಸ್ಟೋರಿನಲ್ಲಿ ಇದೆಯೇ, ಇಲ್ಲದಿದ್ದರೆ ಎಂದಿಗೆ ಬಂದೀತು ಎಂಬುದನ್ನು ಹಿಂದಿನ ದಿನವೇ ಪಟ್ಟಿ ಮಾಡಿಕೊಡುವುದು ಕೆಲಸ. ನಮ್ಮಲ್ಲಿ ಪಂಪುಗಳಿಗೂ ಟ್ರ್ಯಾಕ್ಟರುಗಳಿಗೂ ಬೇಕಾಗುವ, ಹೊಡೆತ ತಾಳುವಂಥ ಬಿಡಿಭಾಗಗಳನ್ನು ಎರೆಯುತ್ತಿದ್ದರು. ಬರಿಯ ಎರಕದ ಕಬ್ಬಿಣ ಬಿದ್ದರೆ ಒಡೆಯುತ್ತದೆ. ಅದಕ್ಕೆ ಆ ತಾಳಿಕೆ ಬರಬೇಕಾದರೆ ಹೊಯ್ಯುವ ಮುನ್ನ ಮೆಗ್ನೀಷಿಯಂ ಸೇರಿದ ಮಿಶ್ರಲೋಹದ ಹರಳುಗಳನ್ನು ಬೆರೆಸಬೇಕು. ನಾವು ಅದನ್ನು ಮ್ಯಾಗ್ ಎನ್ನುತ್ತಿದ್ದೆವು. ಕರಗಿದ ಕಬ್ಬಿಣ ಅದರ ಮೇಲೆ ಬಿದ್ದಾಗ ಕಣ್ಣು ಕುಕ್ಕುವ ಬಿಳಿಯ ಬೆಳಕೊಂದು ಏಳುತ್ತಿತ್ತು. ಆಫೀಸಿನ ಗಾಜಿನಾಚೆ ಆ ಬೆಳಕು ಮಿಂಚಿದಾಗಲೆಲ್ಲ ಒಂದು ಹೊಯ್ತ ಸರಿಯಾಯಿತೆಂದು ನಾನು ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ.

ಮ್ಯಾಗ್ ಬರುತ್ತಿದ್ದದ್ದು ತಗಡಿನ ಡ್ರಮ್ಮುಗಳಲ್ಲಿ, ಬಲು ದೂರದಿಂದ. ಸ್ಟೋರನ್ನು ನೋಡಿಕೊಳ್ಳುತ್ತಿದ್ದ ಹಿರಿಯರಿಗೆ, ಊರ ಕತೆಯ ಆ ಮುದುಕರಿಗೆ, ಅದರ ಬಗ್ಗೆ ಒಂದು ರೂಢಿಯಿತ್ತು. ಪ್ರತಿ ಆಯುಧಪೂಜೆಗೆ ಎರಡು ಡ್ರಮ್ಮುಗಳನ್ನು ಬೇರೆಯಿರಿಸಿ, ಮುಚ್ಚಳಕ್ಕೆ ವಿಭೂತಿ ಬಳಿದು, ಕುಂಕುಮವಿಟ್ಟು, ಗೋಡೆಯ ಮೂಲೆಗೆ ಸರಿಸಿ ಟಾರ್ಪಾಲು ಹೊದಿಸುತ್ತಿದ್ದರು. ಆ ಎರಡು ಡ್ರಮ್ಮು ಕಾರ್ಡಿಗೆ ಏರುತ್ತಿರಲಿಲ್ಲ. ಪ್ರತಿಯೊಂದು ಸಾಮಗ್ರಿಯ ಮುಂದೆ ದಾರದಲ್ಲಿ ನೇತುಹಾಕಿದ ದಪ್ಪ ಕಾಗದದ ಕಾರ್ಡಿನಲ್ಲಿ ಬಂದದ್ದು, ಹೋದದ್ದು, ಉಳಿದದ್ದು ಬರೆಯಬೇಕಷ್ಟೆ. ಮ್ಯಾಗಿನ ಕಾರ್ಡು ಮಾತ್ರ ಯಾವಾಗಲೂ ನಿಜಕ್ಕಿಂತ ಎರಡು ಕಡಿಮೆ ಹೇಳುತ್ತಿತ್ತು. ಲಾರಿ ತಡವಾದಾಗ ಪೂಜೆಯ ಡ್ರಮ್ಮು ತೆಗೆದು ಕೆಲಸ ಸಾಗಿಸಿ, ಮಾಲು ಬಂದೊಡನೆ ಮತ್ತೆ ಎರಡನ್ನು ಮೂಲೆಗಿಡುತ್ತಿದ್ದರು. ಇದು ಎಲ್ಲಿಯೂ ಬರೆದದ್ದಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ಆದ್ದರಿಂದ ಕಾರ್ಡಿನಲ್ಲಿ ಮೂರು ಕಂಡರೆ ಐದೆಂದೂ, ಐದು ಕಂಡರೆ ಏಳೆಂದೂ ಪಟ್ಟಿಯಲ್ಲಿ ಬರೆದುಕೊಳ್ಳುವುದು ನನ್ನ ಕೈಗೆ ಕೂತುಹೋಗಿತ್ತು.

ಐವತ್ತರ ಹತ್ತಿರವಿದ್ದಾಗ ಕಂಪನಿ ನನ್ನನ್ನು ಶಿವಮೊಗ್ಗದ ಒಂದು ತರಬೇತಿಗೆ ಕಳಿಸಿತು. ಹತ್ತು ಭಾನುವಾರಗಳ ಪಾಠ: ಉತ್ಪಾದನೆಯ ಯೋಜನೆ, ದಾಸ್ತಾನು, ಪೂರೈಕೆಯ ಸರಪಳಿ. ತರಗತಿಯಲ್ಲಿ ನಾನೇ ಹಿರಿಯ, ನಾನೊಬ್ಬನೇ ಡಿಗ್ರಿಯಿಲ್ಲದವ. ಅಲ್ಲಿ ಕಲಿತದ್ದರಲ್ಲಿ ಒಂದು ಮಾತು ನನ್ನನ್ನು ಹಿಡಿದುಬಿಟ್ಟಿತು. ಬಚ್ಚಿಟ್ಟ ದಾಸ್ತಾನು ತಪ್ಪನ್ನೂ ಬಚ್ಚಿಡುತ್ತದೆ. ಲೆಕ್ಕಕ್ಕೆ ಬಾರದ ಚೀಲವೊಂದು ಇರುವವರೆಗೆ ಲಾರಿ ಏಕೆ ತಡವಾಯಿತೆಂದು ಯಾರೂ ಕೇಳುವುದಿಲ್ಲ. ಕೇಳುತ್ತಿದ್ದಂತೆ ನನ್ನ ಕಣ್ಣ ಮುಂದೆ ನಿಂತದ್ದು ವಿಭೂತಿ ಬಳಿದ ಆ ಎರಡು ಮುಚ್ಚಳಗಳು.

ಸರ್ಟಿಫಿಕೇಟು ಕೈಗೆ ಬಂದ ಮರುದಿನವೇ ಸ್ಟೋರಿಗೆ ಹೋಗಿ ಹಿರಿಯರಿಗೆ ಹೇಳಿದೆ, “ಅಣ್ಣಾ, ಇನ್ಮೇಲೆ ಇದ್ದದ್ದು ಇದ್ದಹಾಗೆ ಬರೀಬೇಕು. ಪೂಜೆ ಡ್ರಮ್ಮೂ ಕಾರ್ಡಿಗೆ ಬರ್ಲಿ.”

ಅವರು ಕನ್ನಡಕ ಮೇಲೆತ್ತಿ ನನ್ನನ್ನು ನೋಡಿದರು. “ಹತ್ತು ಭಾನುವಾರ ಇದನ್ನ ಹೇಳ್ಕೊಟ್ರಾ ಮಾರಾಯ್ರೆ? ಊಟ ಚೆನ್ನಾಗಿತ್ತಾ?”

“ನಗಬೇಡಿ. ಇದು ಸಿಸ್ಟಮ್ಮು.”

“ತ್ಯಾವರೆಕೊಪ್ಪದ ಸಫಾರಿಯಲ್ಲಿ ಹುಲಿಗೂ ಎರಡು ದಿನದ ಮಾಂಸ ಜಾಸ್ತಿ ಇಟ್ಟಿರ್ತಾರಂತೆ. ಗಾಡಿ ಬರ್ಲಿಲ್ಲ ಅಂದ್ರೆ ಹುಲಿ ಸಿಸ್ಟಮ್ಮು ಕೇಳುತ್ತಾ? ನನ್ನ ಕುಲುಮೆ ಹುಲಿಗಿಂತ ಕಡಿಮೆನಾ?”

“ಎರಡಲ್ಲ, ನಾಲ್ಕು ಇಟ್ಕೊಳ್ಳಿ, ಬೇಡ ಅಂದಿಲ್ಲ. ಆದ್ರೆ ಬರೆದಿಟ್ಕೊಳ್ಳಿ.”

“ಬರೆದ್ರೆ ಮುಗೀತು. ಕಂಡೋರೆಲ್ಲ ಖರ್ಚು ಮಾಡ್ತಾರೆ. ಹೋಗಿ ಮಾರಾಯ್ರೆ, ಚಾ ತಣ್ಣಗಾಗುತ್ತೆ.”

ಆಗ ನಾವಿಬ್ಬರೂ ಭದ್ರಾವತಿಯಲ್ಲಿದ್ದವರು, ಒಂದೇ ಬಸ್ಸಿನಲ್ಲಿ ಬಂದುಹೋಗುತ್ತಿದ್ದವರು. ಎರಡು ನಿಲ್ದಾಣ ಮೊದಲೇ ಹತ್ತುತ್ತಿದ್ದ ಅವರು ಊಟದ ಚೀಲವನ್ನು ಪಕ್ಕದ ಸೀಟಿನ ಮೇಲಿಟ್ಟು ನನಗೆ ಜಾಗ ಹಿಡಿಯುತ್ತಿದ್ದರು. ಆ ವಾರವಿಡೀ ಬಸ್ಸಿನಲ್ಲಿ ನಾನು ಅದೇ ರಾಗ ಎಳೆದೆ. ಅವರು ಕಿಟಕಿಯಾಚೆ ನೋಡುತ್ತ ಕೂತರು. ಮುದುಕರು ಜಗ್ಗುವವರಲ್ಲವೆಂದು ನಾನು ಕೈಬಿಟ್ಟೆ. ಕೈಬಿಟ್ಟೆ ಎಂಬುದೇ ನನ್ನ ನೆನಪಾಗಿತ್ತು.

ಅದಾಗಿ ಕೆಲವು ವಾರಗಳ ಮೇಲೆ ಒಂದು ಶನಿವಾರ, ಸೋಮವಾರದ ಪಟ್ಟಿ ಮಾಡಲು ಸ್ಟೋರಿಗೆ ಹೋದೆ. ಮುಖ್ಯ ಗಿರಾಕಿಯ ದೊಡ್ಡ ಎರಕಗಳ ದಿನವದು. ಆರು ಡ್ರಮ್ಮಿನ ಕೆಲಸ. ಹಿರಿಯರು ಊಟಕ್ಕೆ ಹೋಗಿದ್ದರು. ಕಾರ್ಡು ನೋಡಿದೆ: ನಾಲ್ಕು. ಪಟ್ಟಿಯಲ್ಲಿ ಬರೆದೆ: ಆರು. ಟಾರ್ಪಾಲು ಎತ್ತಿ ನೋಡಲಿಲ್ಲ. ಪೂಜೆಗಿಟ್ಟದ್ದನ್ನು ಯಾರೂ ಎತ್ತಿ ನೋಡುತ್ತಿರಲಿಲ್ಲ.

ಸೋಮವಾರ ಬಿಳಿಯ ಬೆಳಕು ಹೊತ್ತುಹೊತ್ತಿಗೆ ಏಳುತ್ತ ಬಂತು. ಮಧ್ಯಾಹ್ನದ ಮೇಲೆ ನಿಂತಿತು. ನಾನು ಪೆನ್ನು ಹಿಡಿದು ಗಾಜಿನತ್ತ ನೋಡುತ್ತ ಕೂತೇ ಇದ್ದೆ. ಬಾಗಿಲಲ್ಲಿ ಕುಲುಮೆಯ ಮೇಸ್ತ್ರಿ ಕಾಣಿಸಿಕೊಂಡ. ಭದ್ರಾವತಿಯ ತಮಿಳರವನು, ಮೈಯೆಲ್ಲ ಬೆವರು.

“ಏನ್ ಸಾಮಿ, ಮ್ಯಾಗ್ ಎಲ್ಲಿ? ನಾಲ್ಕು ಆಯ್ತು. ಸ್ಟೋರಲ್ಲಿ ಖಾಲಿ ಅಂತಾರೆ. ಕಬ್ಬಿಣ ಕಾಯ್ಕೊಂಡು ನಿಂತಿದೆ, ನಾನ್ ಏನ್ ಮಾಡ್ಲಿ, ಕುಡಿಯಲಾ?”

ಕುಲುಮೆಯನ್ನು ಹಾಗೆ ಬಹಳ ಹೊತ್ತು ಕಾಯಿಸಲಾಗದು. ಕರಗಿದ ಕಬ್ಬಿಣವನ್ನು ಅಂಗಳದ ಮರಳುಗುಂಡಿಗಳಿಗೆ ಸುರಿದರು. ಮರಳಿನ ಮೇಲೆ ಅದು ಬಿದ್ದಾಗ ಎದ್ದ ಸದ್ದನ್ನು ಏನೆಂದು ಬರೆಯಲಿ? ಸುರಿದ ಕಬ್ಬಿಣ ಕೆಂಪಾಗಿ, ಕಂದಾಗಿ, ಕೊನೆಗೆ ಕಪ್ಪಾಗುವುದನ್ನು ಸ್ಟೋರಿನ ಹಿರಿಯರು ತಮ್ಮ ಬಾಗಿಲಲ್ಲಿ ನಿಂತು ನೋಡಿದರು. ಆಮೇಲೆ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಒಂದು ನಿರೀಕ್ಷೆಯಿತ್ತು. ಅದೇನೆಂದು ನನಗೆ ಆಗ ತಿಳಿಯಲಿಲ್ಲ.

ವಿಚಾರಣೆ ಮರುದಿನವೇ ಮುಗಿಯಿತು. ವಾದ ಸರಳವಾಗಿತ್ತು. ಕಾರ್ಡು ಸೊನ್ನೆ ತೋರಿಸುತ್ತಿದೆ. ಕಾರ್ಡು ಸೊನ್ನೆಯೆಂದರೆ ಮೂಲೆಯಲ್ಲಿ ಎರಡು ಇರಬೇಕು. ಮೂಲೆಯಲ್ಲಿ ಟಾರ್ಪಾಲು ಮಾತ್ರ ಇದೆ. ಹಾಗಾದರೆ ಎರಡು ಎಲ್ಲಿ ಹೋದವು? ಹಿರಿಯರು ಎಲ್ಲದಕ್ಕೂ ಒಂದೇ ಉತ್ತರ ಕೊಟ್ಟರು: “ಕಾರ್ಡ್ ನೋಡಿ.” ಮ್ಯಾನೇಜರು ಕಾರ್ಡನ್ನು ತರಿಸಿ, ಎಲ್ಲರಿಗೂ ಕಾಣುವಂತೆ ಕೊನೆಯ ಸಾಲಿನ ಸೊನ್ನೆಯ ಮೇಲೆ ಬೆರಳಿಟ್ಟು, “ನೋಡಿದ್ವಿ” ಎಂದರು. ನನ್ನನ್ನೂ ಕೇಳಿದರು. ಪೂಜೆಯ ಡ್ರಮ್ಮು ಕಾರ್ಡಿಗೆ ಏರುವುದಿಲ್ಲವೆಂದೂ, ಏರಿಸಿರೆಂದು ನಾನು ಹೇಳಿದಾಗ ಅವರು ಒಪ್ಪಲಿಲ್ಲವೆಂದೂ ನಾನು ಹೇಳಿದೆ. ಅಷ್ಟೂ ನಿಜವೆಂದೇ ಹೇಳಿದೆ.

ಅವರನ್ನು ಸ್ಟೋರಿನಿಂದ ತೆಗೆದು ಗೇಟಿಗೆ ಹಾಕಿದರು. ಬಂದುಹೋಗುವ ಗಾಡಿಗಳ ನಂಬರು ಬರೆಯುವ ಕೆಲಸ. ಮೊದಲ ದಿನ ಬಸ್ಸು ಹತ್ತಿದಾಗ ಊಟದ ಚೀಲ ಅವರ ತೊಡೆಯ ಮೇಲಿತ್ತು, ಪಕ್ಕದ ಸೀಟು ಖಾಲಿಯಿತ್ತು. ನಾನು ಕೂರಬಹುದಿತ್ತು, ಆದರೆ ಕೂರಲಾಗಲಿಲ್ಲ. ನಿವೃತ್ತಿಯವರೆಗೆ ಅವರು ಗೇಟಿನಲ್ಲಿದ್ದರು; ನಿವೃತ್ತಿಯಾಗಿ ಎರಡು ವರ್ಷಕ್ಕೆ ತೀರಿಕೊಂಡರು. ಅಷ್ಟೂ ಕಾಲ ನನ್ನೊಡನೆ ಆಡಿದ ಮಾತು ಒಂದೇ. ಗೇಟು ದಾಟುವಾಗ ನಾನು ನಮಸ್ಕಾರವೆಂದರೆ ಅವರು ತಲೆಯೆತ್ತದೆ, “ಕಾರ್ಡ್ ನೋಡಿದ್ರಾ ಮಾರಾಯ್ರೆ?” ಎನ್ನುತ್ತಿದ್ದರು. ಮೊದಮೊದಲು ಹಟವೆಂದುಕೊಂಡೆ, ಆಮೇಲೆ ಮುಪ್ಪಿನ ಮರುಳೆಂದುಕೊಂಡೆ.

ಆದರೆ ಅವರು ಕಳ್ಳರೆಂದು ನಾನು ಒಂದು ದಿನವೂ ನಂಬಲಿಲ್ಲ. ಊರೆಲ್ಲ ನಂಬಿತೆಂಬುದೇ ನನಗೆ ನಂಬದಿರಲು ಸಾಕಾಗಿತ್ತು. ನಾನೊಂದು ವಿವರಣೆ ಕಟ್ಟಿದೆ. ಹಿಂದಿನ ಸಲ ಮಾಲು ತಂದ ಲಾರಿಯವನು ಎರಡು ಡ್ರಮ್ಮು ಕಡಿಮೆ ಇಳಿಸಿದ್ದ. ಹಿರಿಯರು ಎಣಿಸದೆ ಸಹಿ ಹಾಕಿದ್ದರು. ಕೊರತೆ ತುಂಬಲು ಪೂಜೆಯ ಡ್ರಮ್ಮು ಎತ್ತಿಕೊಂಡಿದ್ದರು. ಆಧಾರ ಒಂದೂ ಇರಲಿಲ್ಲ, ತರ್ಕ ಮಾತ್ರ ಅಚ್ಚುಕಟ್ಟಾಗಿತ್ತು. ಮದುವೆಮನೆಗಳಲ್ಲಿ, ಚಹಾದಂಗಡಿಗಳಲ್ಲಿ, ಯಾರಾದರೂ ಆ ಕತೆ ಎತ್ತಿದಲ್ಲೆಲ್ಲ ಇದನ್ನು ಹೇಳಿ ವಾದ ಗೆದ್ದೆ. ಗೆದ್ದು ಮನೆಗೆ ಬಂದ ಮೇಲೂ ಆ ಮಾತು ಬಿಡುತ್ತಿರಲಿಲ್ಲ. ಬೆಳಿಗ್ಗೆ ಪತ್ರಿಕೆ ಬಿಡಿಸುವಾಗ, ಆಸ್ಪತ್ರೆಯ ಸಾಲಿನಲ್ಲಿ ಚೀಟಿ ಹಿಡಿದು ನಿಂತಾಗ, ಪಕ್ಕದಲ್ಲೇ ಯಾರೋ ಹೇಳಿದಷ್ಟು ಸ್ಪಷ್ಟವಾಗಿ ಕೇಳಿಸುತ್ತಿತ್ತು: ಕಾರ್ಡ್ ನೋಡಿದ್ರಾ? ನಿವೃತ್ತನಾಗಿ ಶಿವಮೊಗ್ಗಕ್ಕೆ ಬಂದ ಮೇಲೂ ಭದ್ರಾವತಿಯ ಬಸ್ಸು ಹತ್ತಿದರೆ, ಚೀಲವಿಟ್ಟ ಸೀಟು ಕಂಡಲ್ಲಿ ನನ್ನ ಕಾಲು ತಾನಾಗಿ ನಿಲ್ಲುತ್ತಿತ್ತು. ಮನೆಯಲ್ಲಿ ನಾಲ್ಕು ತಟ್ಟೆಯಿಟ್ಟು ಆರು ಜನರನ್ನು ಊಟಕ್ಕೆ ಕರೆಯುತ್ತಿದ್ದೆ. “ಇನ್ನೆರಡು ತಟ್ಟೆ ದೇವರು ತರ್ತಾನಾ?” ಎಂದು ಹೆಂಡತಿ ಗದರುವಾಗ ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಕಳೆದ ವರ್ಷ, ಒಂದು ಸೋಮವಾರ ಸಂಜೆ, ಸ್ಟೋರಿನ ಹಿರಿಯರ ಮಗಳು ನಮ್ಮ ಮನೆಗೆ ಬಂದಳು. ಚಿಕ್ಕವಳಿದ್ದಾಗ ನೋಡಿದ್ದು. ಈಗ ಶಿವಮೊಗ್ಗದ ಒಂದು ಕಾರ್ಖಾನೆಯಲ್ಲಿ ಸ್ಟೋರನ್ನು ಅವಳೇ ನೋಡಿಕೊಳ್ಳುತ್ತಾಳೆ; ಕಂಪನಿ ಅವಳನ್ನು ಗೋಪಾಳದಲ್ಲಿ ನಡೆಯುವ ಭಾನುವಾರದ ತರಬೇತಿಗೆ ಕಳಿಸಿದೆ. ಪೂರೈಕೆ, ದಾಸ್ತಾನು, ಯೋಜನೆ. ಪಾಠ ಅದೇ, ಈಗ ಕಂಪ್ಯೂಟರಿನಲ್ಲಿ. ಕಲಿಸುವವರು, ಆ ಘಟನೆಯ ಹೊತ್ತಿಗೆ ನಮ್ಮ ಫೌಂಡ್ರಿಗೆ ಆಗಷ್ಟೇ ಸೇರಿದ್ದ ಒಬ್ಬ ಇಂಜಿನಿಯರು.

“ನಿನ್ನೆ ಕ್ಲಾಸಲ್ಲಿ ಎರಡು ಡ್ರಮ್ಮಿನ ಕೇಸು ಹೇಳಿದ್ರು ಅಂಕಲ್. ಹೆಸರು ಹೇಳ್ಲಿಲ್ಲ. ಸ್ಟೋರ್ ಕೀಪರ್ ಅಂದ್ರು ಅಷ್ಟೆ. ಎಲ್ಲ ನಕ್ರು.” ಕೊಟ್ಟ ಕಾಫಿಯನ್ನು ಅವಳು ಮುಟ್ಟಿರಲಿಲ್ಲ. “ನಾನೂ ನಕ್ಕೆ. ನಗ್ದೇ ಇದ್ರೆ ಗೊತ್ತಾಗಿಬಿಡುತ್ತೆ ಅಂತ.”

ನಾನು ಕಾಫಿಯ ಲೋಟವನ್ನು ಅವಳತ್ತ ಸರಿಸಿದೆ.

“ಮುಂದಿನ ಭಾನುವಾರ ಒಬ್ಬೊಬ್ರು ಒಂದೊಂದು ಕೇಸು ಎದ್ದು ನಿಂತು ಹೇಳ್ಬೇಕು, ತಪ್ಪು ಎಲ್ಲಾಯ್ತು ಅಂತ. ಚೀಟಿ ಎತ್ತಿದ್ವಿ. ನನಗೆ ಇದೇ ಬಂದಿದೆ. ಅಪ್ಪ ಕದ್ದ ಅಂತ ನಾನೇ ಹೇಳ್ಬೇಕು, ಇಲ್ಲಾ ಕೋರ್ಸು ಬಿಡ್ಬೇಕು. ನೀವು ಅವ್ರ ಜೊತೇಲಿದ್ದೋರು. ಅವ್ರು ಕದ್ರಾ?”

“ಇಲ್ಲ,” ಎಂದೆ. ಲಾರಿಯ ವಿವರಣೆಯನ್ನು ಪೂರ್ತಿ ಹೇಳಿದೆ. ಅವಳು ಕೇಳಿ, “ಅಪ್ಪ ಲಾರಿ ವಿಷ್ಯ ಯಾವತ್ತೂ ಹೇಳ್ಲಿಲ್ಲ” ಎಂದಳು. “ಅಮ್ಮ ಎಷ್ಟು ಸಲ ಕೇಳಿದ್ರೂ ಒಂದೇ ಮಾತು: ಸಹಿ ಹಾಕಿದೋರು ಹೇಳ್ಬೇಕು, ನಾನು ಹೇಳಿದ್ರೆ ಚಾಡಿ ಆಗುತ್ತೆ.”

ಯಾವ ಸಹಿಯೆಂದು ಅವಳಿಗೂ ಗೊತ್ತಿರಲಿಲ್ಲ. ಲಾರಿಯವನ ರಸೀತಿಯ ಮೇಲಿನ ಸಹಿಯಿರಬೇಕೆಂದು ನಾನು ನಿಶ್ಚಯಿಸಿದೆ. ಆ ವಾರ ಕೂತು ನನ್ನ ವಾದವನ್ನು ನಾಲ್ಕು ಪುಟ ಮಾಡಿದೆ.

ಭಾನುವಾರ ಅವಳೊಡನೆ ಗೋಪಾಳಕ್ಕೆ ಹೋದೆ. ಔಷಧದಂಗಡಿಯ ಮೇಲಿನ ಮಹಡಿ, ಇಪ್ಪತ್ತು ಕುರ್ಚಿ, ಒಂದು ಪರದೆ. ಇಂಜಿನಿಯರು ಎದ್ದು ಬಂದು ಕೈಹಿಡಿದು ಕೂರಿಸಿದರು, ಒಳ್ಳೆಯ ಮನುಷ್ಯ. “ಸರ್, ನಮ್ಮ ಕಾಲದ ಪ್ಲಾನಿಂಗ್‌ನವರು” ಎಂದು ತರಗತಿಗೆ ಪರಿಚಯಿಸಿ, “ಸ್ಟೋರಿನ ಹಳೇ ಬಿನ್ ಕಾರ್ಡ್ ಹೇಗಿರ್ತಿತ್ತು ಅಂತ ಇವ್ರಿಗೆ ಗೊತ್ತು. ಫೌಂಡ್ರಿ ಕಾಗದ ಎಲ್ಲ ತೂಕಕ್ಕೆ ಹಾಕ್ವಾಗ ನಾನು ಆ ಮ್ಯಾಗಿನ ಕಾರ್ಡು ಎತ್ತಿಟ್ಕೊಂಡೆ. ಪ್ರತಿ ಬ್ಯಾಚಿಗೂ ತೋರಿಸ್ತೀನಿ” ಎಂದರು.

ಪ್ಲಾಸ್ಟಿಕ್ ಹೊದಿಕೆಯಲ್ಲಿದ್ದ ಕಾರ್ಡು ಕೈಯಿಂದ ಕೈಗೆ ಬಂತು. ಎಲ್ಲರೂ ನೋಡುತ್ತಿದ್ದದ್ದು ಹಿಂಬದಿಯನ್ನು. ಕೊನೆಯ ಸಾಲಿನ ಸೊನ್ನೆಯ ಸುತ್ತ ಯಾರೋ ಕೆಂಪು ಸುತ್ತು ಹಾಕಿದ್ದರು. ವಿಚಾರಣೆಯ ದಿನ ಮ್ಯಾನೇಜರು ಬೆರಳಿಟ್ಟದ್ದೂ ಅಲ್ಲಿಯೇ. ನನ್ನ ಕೈಗೆ ಬಂದಾಗ ನಾನು ಅದನ್ನು ತಿರುಗಿಸಿದೆ.

ಮುಂಬದಿಯಲ್ಲಿ ಅವರ ಗುಂಡು ಅಕ್ಷರ. ಪುಟದ ಕೆಳಗೆ, ಬಂದ ಮಾಲಿನ ಸಾಲುಗಳ ನಡುವೆ, ಪೂಜೆಯ ಎರಡು ಡ್ರಮ್ಮುಗಳನ್ನು ಕಾರ್ಡಿಗೆ ಸೇರಿಸಿದ ಸಾಲು. ಅದರ ಪಕ್ಕದಲ್ಲಿ ಹಸಿರು ಶಾಯಿಯ ಚಿಕ್ಕ ಸಹಿ. ಫೌಂಡ್ರಿಯಲ್ಲಿ ಸ್ಟೋರಿನವರದು ನೀಲಿ, ತಪಾಸಣೆಯವರದು ಕೆಂಪು. ಹಸಿರು ಶಾಯಿ ಬಳಸುತ್ತಿದ್ದವನು ನಾನೊಬ್ಬನೇ.

ಎಲ್ಲವೂ ಒಮ್ಮೆಲೇ ಬಿಚ್ಚಿಕೊಂಡಿತು. ಮುದುಕರು ಜಗ್ಗಿದ್ದರು. ನನ್ನ ಪಾಠಕ್ಕೆ ಸೋತು, ನನಗೆ ಆ ಗೆಲುವಿನ ಸುಖವನ್ನು ಬಾಯಲ್ಲಿ ಹೇಳಿ ಕೊಡಲೊಲ್ಲದೆ, ವಾರದ ಕೊನೆಗೆ ನನ್ನ ಸಹಿಗೆ ಬರುತ್ತಿದ್ದ ಕಾಗದಗಳ ಕಟ್ಟಿನೊಳಗೆ ಆ ಕಾರ್ಡನ್ನೂ ಇಟ್ಟು ಕಳಿಸಿದ್ದರು. ನಾನು ಓದದೆ ಸಹಿ ಹಾಕಿದ್ದೆ. ಅಂದಿನಿಂದ ಕಾರ್ಡು ನಿಜ ಹೇಳುತ್ತಿತ್ತು. ಆ ಎರಡು ಡ್ರಮ್ಮುಗಳು ಉಳಿದವುಗಳೊಡನೆ ನ್ಯಾಯವಾಗಿಯೇ ಕುಲುಮೆಗೆ ಹೋಗಿದ್ದವು. ಸೊನ್ನೆಯೆಂದರೆ ಸೊನ್ನೆಯೇ ಆಗಿತ್ತು. ಆ ಶನಿವಾರ ನಾಲ್ಕನ್ನು ಆರು ಮಾಡಿದವನು ನಾನು. ಕಬ್ಬಿಣ ಸುರಿದ ದಿನ ಅವರು ನನ್ನನ್ನು ನೋಡಿದ್ದು, ಈಗಲಾದರೂ ಬಾಯಿ ಬಿಡುತ್ತೇನೆಂದು.

ಅವಳ ಸರದಿ ಬಂದಿತ್ತು. ಎದ್ದು ನಿಂತು ನನ್ನ ಕಡೆ ನೋಡಿದಳು. ಕಿಸೆಯಲ್ಲಿ ನಾಲ್ಕು ಪುಟದ ಲಾರಿ ಇತ್ತು. ಅದನ್ನು ಓದಿದ್ದರೆ ಎಲ್ಲರೂ ಒಪ್ಪುತ್ತಿದ್ದರು, ಅವಳೂ ಒಪ್ಪುತ್ತಿದ್ದಳು. ಕಾರ್ಡು ಮತ್ತೆ ಹಿಂಬದಿ ಮೇಲಾಗಿ ಫೈಲಿಗೆ ಸೇರುತ್ತಿತ್ತು.

ನಾನು ಎದ್ದೆ. ಕಾರ್ಡಿನ ಆ ಸಾಲನ್ನು ಓದಿದೆ. ಹಸಿರು ಸಹಿ ಯಾರದೆಂದು ಹೇಳಿದೆ. ಪಟ್ಟಿಯಲ್ಲಿ ಎರಡನ್ನು ಸೇರಿಸಿದವನು ಯಾರೆಂದು ಹೇಳಿದೆ. ಮುಖವೇ ತಿಳಿಯದ ಒಬ್ಬ ಲಾರಿಯವನ ಮೇಲೆ ಇಷ್ಟು ವರ್ಷ ಕಳ್ಳತನ ಹೊರಿಸಿಕೊಂಡು ಬಂದೆನೆಂಬುದನ್ನೂ ಹೇಳಿದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದು, ತಕ್ಷಣ ನಿಲ್ಲಿಸಿದರು.

ಇಂಜಿನಿಯರು ನಿಧಾನವಾಗಿ, “ಸರ್, ಇಷ್ಟು ವರ್ಷ ಕಾರ್ಡು ನನ್ನ ಹತ್ರಾನೇ ಇತ್ತು. ನಾನೂ ತಿರುಗಿಸಿ ಓದ್ಲಿಲ್ಲ” ಎಂದರು.

ಅವಳು ಕೂರಲಿಲ್ಲ. “ಇನ್ನೊಂದ್ಸಲ ಓದಿ ಅಂಕಲ್,” ಎಂದಳು. “ಇದು ನಮ್ಮಪ್ಪನ ಕಾರ್ಡು ಅಂತ ಇವ್ರಿಗೆ ಗೊತ್ತಿಲ್ಲ. ಅದನ್ನೂ ಸೇರಿಸಿ ಓದಿ.”

ಸೇರಿಸಿ ಓದಿದೆ.

ಕಾರ್ಡ್ ನೋಡಿದ್ರಾ ಎಂಬ ಆ ದನಿ ನಿಂತಿದೆಯೆಂದು ಬರೆದರೆ ಅದೂ ಇನ್ನೊಂದು ಸುಳ್ಳು ಕತೆಯಾಗುತ್ತದೆ. ಪತ್ರಿಕೆ ಬಿಡಿಸುವಾಗ ಈಗಲೂ ಕೇಳಿಸುತ್ತದೆ. ನೋಡಿದೆ ಅಣ್ಣಾ, ಎನ್ನುತ್ತೇನೆ. ತಡವಾಗಿ ಕೊಟ್ಟ ಉತ್ತರ ಸಲ್ಲಬೇಕಾದವರಿಗೆ ಸಲ್ಲುವುದಿಲ್ಲ. ಆದರೆ ಊರಿನ ಆ ಕತೆಯನ್ನು ಇನ್ನು ಮುಂದೆ ಹೇಳುವವರು ನನ್ನನ್ನು ನಂಬಬೇಕಾಗಿಲ್ಲ. ಕಾರ್ಡನ್ನು ಅವಳು ಮನೆಗೆ ಒಯ್ಯಲಿಲ್ಲ, ಅಲ್ಲಿಯೇ ಇರಲಿ ಎಂದಳು. ಈಗ ಅದು ತರಗತಿಯ ಬಾಗಿಲ ಪಕ್ಕ, ಎರಡೂ ಬದಿ ಕಾಣುವಂತೆ ದಾರದಲ್ಲಿ ತೂಗುತ್ತಿದೆ. ಭಾನುವಾರ ಬಾಗಿಲು ತೆರೆದಿರುತ್ತದೆ. ಮಹಡಿ ಹತ್ತಿ ಯಾರು ಬೇಕಾದರೂ ನೋಡಬಹುದು. ಮುಂಬದಿ, ಕೆಳಗಿನಿಂದ ಮೂರನೆಯ ಸಾಲು, ನೀಲಿ ಶಾಯಿ: “ಪೂಜೆ ಡ್ರಮ್ಮು ಎರಡು ಇಂದಿನಿಂದ ಕಾರ್ಡಿಗೆ ಸೇರಿಸಿದೆ. ಪ್ಲಾನಿಂಗ್‌ನವರು ಹೇಳಿದಂತೆ.” ಅದರ ಪಕ್ಕದ ಹಸಿರು ಸಹಿ ನನ್ನದು.